ಪುಟ್ಟನ ಬೀಟ್‌ಗೂ ದೊಡ್ಡಪ್ಪನ ಪ್ರಶ್ನೆಗೂ ಸೇರಿಸಿ ಒಂದು ಉದ್ದ ಉತ್ತರ

ಎಲ್ಲರೂ ಕೇಳಿಸಿಕೊಳ್ಳಿ, ಇದು ಸ್ವಲ್ಪ ಉದ್ದ ಆಗುತ್ತದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಲ್ಲೇ ಹೇಳುತ್ತಿದ್ದೇನೆ. ಅಲ್ಲಲ್ಲಿ ಬಾಯಲ್ಲೇ ಡ್ರಮ್ ಬಾರಿಸುತ್ತೇನೆ, ನಗಬೇಡಿ.

ಪುಟ್ಟ ತಾನು ಮಾಡಿದ ಬೀಟ್, ಅಂದರೆ ರಾಪ್ ಮಾತಿನ ಹಿಂದೆ ಓಡುವ ಡ್ರಮ್ಮು ಸಂಗೀತ, ನಮ್ಮ ಮನೆಯವರ ಗ್ರೂಪಿಗೆ ಹಾಕಿ, "ಹಳೇ ಹಿಪ್-ಹಾಪ್ ಬೀಟ್‌ಗಳು ಒಂದು ಸಲ ಕೇಳಿದರೆ ತಲೆಯಲ್ಲೇ ಕೂರುತ್ತವೆ, ನಂದು ಯಾಕೆ ಕೂರಲ್ಲ" ಎಂದು ಕೇಳಿದ್ದ. ಅದಕ್ಕೆ ದೊಡ್ಡಪ್ಪ, "ಬೇರೆಯವರ ಹಾಡಿನ ತುಂಡು ಕದ್ದು ಗಿರಗಿರ ತಿರುಗಿಸುವುದು, ಹತ್ತು ವರ್ಷ ಬಿಟ್ಟು ಇದನ್ನ ಯಾರು ಕೇಳ್ತಾರೆ" ಎಂದು ಬರೆದಿದ್ದರು. ಪ್ರಶ್ನೆ ಎರಡಾದರೂ ನನಗೆ ಒಂದೇ ಥರ ಕಾಣಿಸಿತು.

ದೊಡ್ಡಪ್ಪ, ಹತ್ತು ವರ್ಷದ ಮಾತು ಮೊದಲು ಮುಗಿಸಿಬಿಡುತ್ತೇನೆ. ಅಮೆರಿಕದ ರಾಪರ್ ಡಾ. ಡ್ರೆಯ 'ಸ್ಟಿಲ್ ಡಿ.ಆರ್.ಇ.' ಬಂದಿದ್ದು 1999ರಲ್ಲಿ. 2022ರ ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಮ್ಯಾಚಿನ ಮಧ್ಯದ ಶೋ ಮುಗಿಸಿದ್ದು ಅದೇ ಹಾಡಿನಿಂದ. 22 ವರ್ಷ ದಾಟಿತ್ತು. ಸ್ಕಾಟ್ ಸ್ಟಾರ್ಚ್ ನುಡಿಸಿದ ಆ ಪಿಯಾನೋದಲ್ಲಿ ದೊಡ್ಡ ಕಸರತ್ತು ಏನೂ ಇಲ್ಲ. ಟಿಂ ಟಿಂ ಟಿಂ ಟಿಂ ಎಂದು ಒಂದೇ ಸಮ ಕುಟ್ಟುತ್ತದೆ, ಅಷ್ಟೇ. ಪಿಯಾನೋ ಕಲಿಯುವ ಮಗು ಕೂಡ ಒಂದು ಮಧ್ಯಾಹ್ನದಲ್ಲಿ ಹಿಡಿದುಬಿಡಬಹುದು. ಆದರೂ ಮೊದಲ ಎರಡು ಸೆಕೆಂಡಿಗೇ ಸ್ಟೇಡಿಯಂ ಪೂರ್ತಿ ಕೂಗುತ್ತದೆ.

ಅದು ಯಾಕೆ ಅನ್ನುವುದೇ ವಿಷಯ. ನನ್ನ ಲೆಕ್ಕ ಇದು: ಉಳಿಯುವ ಬೀಟ್‌ನಲ್ಲಿ ಜಾಗ ಇರುತ್ತದೆ. ರಾಪರ್‌ನ ಮಾತಿಗೆ ಜಾಗ, ಕುಣಿಯುವವರ ಮೈಗೆ ಜಾಗ, ಕೇಳುವವರು ತಲೆ ಆಡಿಸುವುದಕ್ಕೆ ಜಾಗ. ತಾನೇ ಎಲ್ಲ ಹೇಳಿ ಮುಗಿಸಿದ ಬೀಟನ್ನು ಮತ್ತೆ ಯಾಕೆ ಕೇಳಬೇಕು?

ಇದು ಶುರುವಾದ ರೀತಿಯೇ ಹಾಗಿದೆ. ನ್ಯೂಯಾರ್ಕಿನ ಬ್ರಾಂಕ್ಸ್, 1973ರ ಆಗಸ್ಟ್ 11, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಹಾಡು ಹಾಕಿದ್ದು ಅವಳ ಅಣ್ಣ, ಜಮೈಕಾದಿಂದ ಬಂದಿದ್ದ ಡಿಜೆ ಕೂಲ್ ಹರ್ಕ್. ಕುಣಿಯುವವರನ್ನು ಅವನು ಗಮನಿಸಿ ನೋಡುತ್ತಿದ್ದ. ಹಾಡುಗಾರ, ಗಿಟಾರ್, ತುತ್ತೂರಿ ಎಲ್ಲ ನಿಂತು ಬರೀ ಡ್ರಮ್ ಉಳಿಯುವ ಕ್ಷಣ ಬರುತ್ತದಲ್ಲ, ಜನ ಅದಕ್ಕೇ ಕಾಯುತ್ತಿದ್ದರು. ಅದಕ್ಕೆ ಬ್ರೇಕ್ ಎನ್ನುತ್ತಾರೆ. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದ ಹಾಗೆ ಇನ್ನೊಂದರಲ್ಲಿ ಅದನ್ನೇ ಮತ್ತೆ ಶುರು ಮಾಡುತ್ತಿದ್ದ. ಕೆಲವು ಸೆಕೆಂಡಿನ ಬ್ರೇಕ್ ನಿಮಿಷಗಟ್ಟಲೆ ಎಳೆಯಿತು. ಅಂದರೆ ಹಿಪ್-ಹಾಪ್ ಬೀಟ್ ಹುಟ್ಟಿದ್ದೇ ಹಾಡಿನಿಂದ ಬಾಕಿ ಎಲ್ಲ ತೆಗೆದ ಮೇಲೆ ಉಳಿದಿದ್ದರಿಂದ. ಪುಟ್ಟ, ನಿನ್ನ ಫೈಲಿನಲ್ಲಿ 30ಕ್ಕೂ ಜಾಸ್ತಿ ಟ್ರ್ಯಾಕ್, ಅಂದರೆ ಒಂದರ ಮೇಲೊಂದು ಸೌಂಡಿನ ಪದರ, ಇವೆ ಎಂದು ಹೆಮ್ಮೆಯಿಂದ ಹೇಳಿದೆಯಲ್ಲ, ಅಲ್ಲೇ ನನಗೆ ಅನುಮಾನ ಬಂತು.

ಈಗ ಕ್ಲೈಡ್ ಸ್ಟಬಲ್‌ಫೀಲ್ಡ್ ಕಥೆ. ಇವರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಎಲ್ಲ ಪಾಠವೂ ಇಲ್ಲೇ ಇದೆ. ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್ ಬ್ಯಾಂಡಿನ ಡ್ರಮ್ಮರ್ ಇವರು. 1969ರ ನವೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ 'ಫಂಕಿ ಡ್ರಮ್ಮರ್' ರೆಕಾರ್ಡ್ ಆಯಿತು. ಹಾಡಿನ ಕೊನೆಯ ಕಡೆಗೆ ಜೇಮ್ಸ್ ಬ್ರೌನ್ ಮೈಕಿನಲ್ಲೇ ಡ್ರಮ್ಮರ್‌ಗೆ ಹೇಳುತ್ತಾರೆ, ಸೋಲೋ ಗೀಲೋ ಏನೂ ಬೇಡ, ಈಗ ಏನು ನುಡಿಸುತ್ತಿದ್ದೀಯೋ ಅದನ್ನೇ ಹಿಡಿದುಕೊಂಡಿರು ಎಂದು. ಆಮೇಲೆ ಎಲ್ಲರೂ ನಿಲ್ಲುತ್ತಾರೆ. ಸುಮಾರು 20 ಸೆಕೆಂಡು ಬರೀ ಡ್ರಮ್. ಬೇರೆ ಯಾವ ಡ್ರಮ್ಮರ್ ಆಗಿದ್ದರೂ ಸಿಕ್ಕಿದ್ದೇ ಚಾನ್ಸು ಎಂದು ಅಬ್ಬರಿಸುತ್ತಿದ್ದರೇನೋ. ಇವರು ಏನನ್ನೂ ಬದಲಿಸಲಿಲ್ಲ.

ಆ 20 ಸೆಕೆಂಡನ್ನು ಒಳ್ಳೆ ಇಯರ್‌ಫೋನಿನಲ್ಲಿ ಕೇಳಿ. ಟಕ್ ಎನ್ನುವ ಜೋರು ಸ್ನೇರ್ ಪೆಟ್ಟು ಎಲ್ಲರಿಗೂ ಕೇಳಿಸುತ್ತದೆ. ಅವುಗಳ ನಡುವೆ ಕೋಲು ಸುಮ್ನೆ ಚರ್ಮಕ್ಕೆ ತಾಗಿದ ಹಾಗೆ ಸಣ್ಣ ಸಣ್ಣ ಪೆಟ್ಟುಗಳಿವೆ. ಡ್ರಮ್ಮರ್‌ಗಳು ಇವಕ್ಕೆ ಘೋಸ್ಟ್ ನೋಟ್ ಎನ್ನುತ್ತಾರೆ. ಧುಂ... ಧುಂ... ಟಕ್... ತ-ತ... ಆ ತ-ತ ನಿಮಗೆ ಬೇರೆಯಾಗಿ ಕೇಳಿಸುವುದಿಲ್ಲ, ಮೈಗೆ ಮಾತ್ರ ಗೊತ್ತಾಗುತ್ತದೆ. ಮೇಲೆ ಹೈ-ಹ್ಯಾಟ್ ಎಂಬ ಜೋಡಿ ತಾಳ ಬಿಡದೆ ಓಡುತ್ತದೆ, ಒಂದೊಂದು ಕಡೆ ಮಾತ್ರ ಸ್ವಲ್ಪ ಬಾಯಿ ತೆರೆದು ಟ್ಸ್ಸ್ ಎನ್ನುತ್ತದೆ. ಜೋರು ಪೆಟ್ಟು ಕಡಿಮೆ, ಸಣ್ಣದು ಜಾಸ್ತಿ. ಹಾಗಾಗಿ ಅದರ ಮೇಲೆ ಯಾರು ಬೇಕಾದರೂ ಮಾತಾಡಬಹುದು. ಮಾತಾಡಿದರು ಕೂಡ. ಪಬ್ಲಿಕ್ ಎನಿಮಿ ಎಂಬ ರಾಪ್ ಗುಂಪಿನ 1989ರ 'ಫೈಟ್ ದ ಪವರ್'ನಿಂದ ಹಿಡಿದು ನೂರಾರು ಹಾಡುಗಳಲ್ಲಿ ಆ ತುಂಡು ಇದೆ.

ದೊಡ್ಡಪ್ಪ, ಕಳ್ಳತನದ ಮಾತಿಗೆ ಇಲ್ಲೇ ಬರುತ್ತೇನೆ. ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಹಾಡು ಇರುವುದು ಜೇಮ್ಸ್ ಬ್ರೌನ್ ಹೆಸರಿನಲ್ಲಿ. ಆ ತುಂಡನ್ನು ಎಷ್ಟು ಜನ ಬಳಸಿದರೂ, ಅದನ್ನು ಬಾರಿಸಿದ ಕೈಗೆ ರಾಯಲ್ಟಿ ಬರಲಿಲ್ಲ. ಸ್ಟಬಲ್‌ಫೀಲ್ಡ್ 2017ರಲ್ಲಿ ತೀರಿಕೊಂಡರು. ಇದಕ್ಕಿಂತ ಬೇಜಾರಿನದು ಗ್ರೆಗರಿ ಕೋಲ್ಮನ್ ಅವರ ಕಥೆ. 1969ರಲ್ಲಿ ದ ವಿನ್‌ಸ್ಟನ್ಸ್ ಬ್ಯಾಂಡಿನ ಒಂದು ರೆಕಾರ್ಡಿನ ಹಿಂಭಾಗದ ಹಾಡಿನಲ್ಲಿ ಅವರು ಬಾರಿಸಿದ ಏಳು ಸೆಕೆಂಡಿನ ತುಂಡೇ ಇವತ್ತು ಆಮೆನ್ ಬ್ರೇಕ್ ಎಂದು ಹೆಸರಾಗಿರುವುದು. ಅದರಿಂದ ಅವರಿಗೆ ಏನೂ ಸಿಗಲಿಲ್ಲ. 2006ರಲ್ಲಿ ಬಡತನದಲ್ಲೇ ಸತ್ತರು. ಆಮೇಲೆ 2015ರಲ್ಲಿ ಬ್ರಿಟನ್ನಿನ ಡಿಜೆಗಳು ಚಂದಾ ಎತ್ತಿ, ಬ್ಯಾಂಡಿನ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ 24 ಸಾವಿರ ಪೌಂಡ್ ಕೊಟ್ಟರು. ಒಳ್ಳೆ ಕೆಲಸ. ಆದರೆ ಬಾರಿಸಿದವರು ಆಗ ಇರಲಿಲ್ಲ.

ಕೋರ್ಟಿನ ತೀರ್ಪು 1991ರಲ್ಲಿ ಬಂತು. ಬಿಜ್ ಮಾರ್ಕಿ ಎಂಬ ರಾಪರ್, ಗಿಲ್ಬರ್ಟ್ ಒ'ಸಲಿವನ್ ಹಾಡಿನ ತುಂಡು ಬಳಸಿದ ಕೇಸಿನಲ್ಲಿ ನ್ಯೂಯಾರ್ಕಿನ ಜಡ್ಜ್ ತೀರ್ಪು ಶುರು ಮಾಡಿದ್ದೇ ಬೈಬಲ್‌ನ "ಕದಿಯಬೇಡ" ಎಂಬ ಮಾತಿನಿಂದ. ನಿಮ್ಮದೇ ಮಾತು ನೋಡಿ! ಅಲ್ಲಿಂದ ಮುಂದೆ ಅನುಮತಿ ಇಲ್ಲದೆ ತುಂಡು ಮುಟ್ಟುವುದು ದುಬಾರಿಯಾಯಿತು. ಪಬ್ಲಿಕ್ ಎನಿಮಿ ಥರ ಒಂದೇ ಹಾಡಿಗೆ ಹತ್ತಾರು ತುಂಡು ಹೊಲಿಯುವುದು ಹೆಚ್ಚುಕಡಿಮೆ ನಿಂತಿತು.

ಆದರೆ ಇನ್ನರ್ಧ ಒಪ್ಪುವುದಿಲ್ಲ. ತುಂಡು ಎತ್ತಿದ ಮಾತ್ರಕ್ಕೆ ಬೀಟ್ ಆಗುವುದಿಲ್ಲ. ಮಾಬ್ ಡೀಪ್ ಎಂಬ ರಾಪ್ ಜೋಡಿಯ 'ಶುಕ್ ಒನ್ಸ್ ಪಾರ್ಟ್ ಟು', 1995. ಆ ಜೋಡಿಯಲ್ಲೊಬ್ಬನಾದ ಹ್ಯಾವಕ್ ಮಾಡಿದ ಬೀಟ್. ಅದರಲ್ಲಿ ತೆವಳುವ ಹಾಗೆ ಬರುವ ಆ ರಾಗದ ಮೂಲ ಯಾವುದೆಂದು ರೆಕಾರ್ಡ್ ಹುಚ್ಚರು ವರ್ಷಗಟ್ಟಲೆ ಹುಡುಕಿದರು. ಗೊತ್ತಾಗಿದ್ದು 2011ರಲ್ಲಿ. ಹರ್ಬಿ ಹ್ಯಾನ್‌ಕಾಕ್ ಅವರ 'ಜೆಸಿಕಾ' ಎಂಬ ಶಾಂತವಾದ ಜಾಝ್ ಹಾಡಿನ ಪಿಯಾನೋ ಅದು. ಅದನ್ನು ಕತ್ತರಿಸಿ, ಸ್ವರ ಬದಲಿಸಿ, ಬೇರೆ ಕ್ರಮದಲ್ಲಿ ಜೋಡಿಸಿದ್ದ. ಎರಡನ್ನೂ ಪಕ್ಕಪಕ್ಕ ಕೇಳಿದರೂ ತಕ್ಷಣ ನಂಬಿಕೆ ಬರುವುದಿಲ್ಲ. ಅಲ್ಲಿ ಸಮಾಧಾನ, ಇಲ್ಲಿ ರಾತ್ರಿ ಹಿಂದೆ ಯಾರೋ ಬರುತ್ತಿದ್ದಾರೆ ಎನ್ನುವ ಭಯ. ಇದಕ್ಕೆ ಕಿವಿ ಬೇಕು ದೊಡ್ಡಪ್ಪ. ಸುಮ್ನೆ ಎತ್ತಿಕೊಂಡರೆ ಬರುವುದಲ್ಲ.

ಪುಟ್ಟ, ಈಗ ನಿನಗೆ. ಆಗಿನವರ ಹತ್ತಿರ ಇದ್ದ ಮಷೀನು ನೋಡು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಸ್ಯಾಂಪ್ಲರ್, ಅಂದರೆ ಹಾಡಿನ ತುಂಡು ಹಿಡಿದಿಟ್ಟು ನುಡಿಸುವ ಮಷೀನು, ಅದರ ಒಟ್ಟು ನೆನಪು ಸುಮಾರು 10 ಸೆಕೆಂಡು. ಒಂದು ತುಂಡಿಗೆ ಎರಡೂವರೆ ಸೆಕೆಂಡು ಮಾತ್ರ. ಹಾಗಾಗಿ ನಿಮಿಷಕ್ಕೆ 33 ಸುತ್ತಿನ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ, ಬೇಗ ತುಂಬಿಸಿ, ಆಮೇಲೆ ಮಷೀನಿನೊಳಗೆ ನಿಧಾನ ಮಾಡುತ್ತಿದ್ದರು. 12-ಬಿಟ್, ಅಂದರೆ ಸೌಂಡನ್ನು ಕಡಿಮೆ ವಿವರದಲ್ಲಿ ಹಿಡಿಯುವ ಮಷೀನು ಆದ್ದರಿಂದ ಸೌಂಡು ಒರಟಾಗುತ್ತಿತ್ತು, ನಿಧಾನ ಮಾಡಿದರೆ ಇನ್ನೂ ಒರಟು. ಆ ಮರಳು ಮರಳಾದ ಸೌಂಡೇ ಆ ಕಾಲದ ಗುರುತಾಯಿತು. ಜಾಗ ಇಷ್ಟೇ ಇದ್ದಾಗ ಯಾವುದು ಬೇಕು, ಯಾವುದು ಬೇಡ ಎಂದು ಮೊದಲೇ ತೀರ್ಮಾನ ಮಾಡಬೇಕಿತ್ತು. ನಿನ್ನ ಲ್ಯಾಪ್‌ಟಾಪ್ ಯಾವುದಕ್ಕೂ ಬೇಡ ಎನ್ನುವುದಿಲ್ಲ. ಅದೇ ತೊಂದರೆ.

ರೋಲಾಂಡ್ ಟಿಆರ್-808 ಎಂಬ ಡ್ರಮ್ ಮಷೀನಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಬೇಗ ಮುಗಿಸುತ್ತೇನೆ. 1980ರಲ್ಲಿ ಬಂತು, ನಿಜವಾದ ಡ್ರಮ್ ಥರ ಕೇಳಿಸುವುದಿಲ್ಲ ಎಂದು ಜನ ಮೂಗು ಮುರಿದರು, 1983ಕ್ಕೆ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕಿದ್ದನ್ನು ಹುಡುಗರು ಎತ್ತಿಕೊಂಡರು. ಅದರ ಕಿಕ್, ಅಂದರೆ ಧುಂ ಎನ್ನುವ ದೊಡ್ಡ ಡ್ರಮ್ಮಿನ ಪೆಟ್ಟು, ಅದನ್ನು ಉದ್ದ ಎಳೆದರೆ ಅದೇ ಬಾಸ್ ಆಗುತ್ತದೆ. ಇವತ್ತಿನ ಟ್ರ್ಯಾಪ್ ಎಂಬ ಹಿಪ್-ಹಾಪ್ ಶೈಲಿ ಪೂರ್ತಿ ಅದರ ಮೇಲೆ ನಿಂತಿದೆ. ಟ್ರ್ಯಾಪ್‌ನ ಆ ಟಿರ್ರ್ರ್ ಹೈ-ಹ್ಯಾಟ್ ನನಗೆ ಬೇಗ ಬೇಜಾರಾಗುತ್ತದೆ, ಅದು ನನ್ನ ವಯಸ್ಸಿನ ಸಮಸ್ಯೆ ಎಂದು ಬೇಕಾದರೆ ಬೈಯಿರಿ.

ಜಾಸ್ತಿ ಮುಖ್ಯವಾದದ್ದು ಸಮಯ. ಅಂದರೆ ಪೆಟ್ಟು ಎಲ್ಲಿ ಬೀಳುತ್ತದೆ ಎನ್ನುವುದು. ಕಂಪ್ಯೂಟರ್ ಎಲ್ಲ ಪೆಟ್ಟನ್ನೂ ಗೆರೆ ಮೇಲೆ ಎಳೆದು ಕೂರಿಸುತ್ತದಲ್ಲ, ಕ್ವಾಂಟೈಸ್, ಅದನ್ನು ಡೆಟ್ರಾಯಿಟ್‌ನಲ್ಲಿ ಬೀಟ್ ಮಾಡುತ್ತಿದ್ದ ಜೆ ಡಿಲ್ಲಾ ಬೇಕಾದ ಕಡೆ ಆಫ್ ಮಾಡಿಬಿಡುತ್ತಿದ್ದ. ಎಂಪಿಸಿ-3000 ಎಂಬ ಸ್ಯಾಂಪ್ಲರ್ ಮಷೀನಿನ ಪ್ಯಾಡ್‌ಗಳ ಮೇಲೆ ಬೆರಳಲ್ಲೇ ಬಾರಿಸುತ್ತಿದ್ದ. ಕಿಕ್ ಒಂದು ಕೂದಲೆಳೆ ಆಚೀಚೆ, ಸ್ನೇರ್ ಸ್ವಲ್ಪ ಆತುರ, ಹೈ-ಹ್ಯಾಟ್ ಮಾತ್ರ ನೇರ. ಮೊದಲ ಸಲ ಕೇಳಿದವರಿಗೆ ಮಷೀನು ಕೆಟ್ಟಿದೆಯಾ ಅನ್ನಿಸುತ್ತದೆ. ಎರಡನೇ ಸುತ್ತಿಗೆ ತಲೆ ತಾನಾಗಿ ಆಡುತ್ತದೆ. 2006ರ ಫೆಬ್ರವರಿ 7, ತನ್ನ 32ನೇ ಹುಟ್ಟುಹಬ್ಬದ ದಿನ, 'ಡೋನಟ್ಸ್' ಆಲ್ಬಂ ಬಂತು. ಮೂರು ದಿನಕ್ಕೆ ತೀರಿಕೊಂಡ. ಆ ಆಲ್ಬಂನಲ್ಲಿ ರಾಪ್ ಇಲ್ಲ, ಬರೀ ಬೀಟ್‌ಗಳು, 31. ಆ ಎಂಪಿಸಿ ಈಗ ವಾಷಿಂಗ್ಟನ್‌ನಲ್ಲಿ ಸ್ಮಿತ್‌ಸೋನಿಯನ್‌ನವರ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂನಲ್ಲಿದೆ.

ಆದರೆ ಪುಟ್ಟ, ಇದನ್ನು ಕೇಳಿ ಎಲ್ಲವನ್ನೂ ಅಡ್ಡಾದಿಡ್ಡಿ ಜರುಗಿಸಬೇಡ. ತುಂಬ ಜನ ಹಾಗೆ ಮಾಡಿ ಡಿಲ್ಲಾ ಸ್ಟೈಲ್ ಎಂದು ಹೆಸರಿಡುತ್ತಾರೆ. ಕುಡಿದು ನಡೆದ ಹಾಗೆ ಇರುತ್ತದೆ, ಅಷ್ಟೇ. ಡಿಲ್ಲಾದು ಸುತ್ತು ಸುತ್ತಿಗೂ ಅದೇ ಜಾಗಕ್ಕೆ ಬೀಳುತ್ತದೆ. ತಪ್ಪಿದ ಹಾಗೆ ಕಾಣುತ್ತದೆ, ತಪ್ಪುವುದಿಲ್ಲ. ನಿನಗೆ ಸದ್ಯಕ್ಕೆ ಸ್ವಿಂಗ್, ಅಂದರೆ ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ಸ್ವಲ್ಪ ತಡ ಮಾಡುವುದು, ಸಾಕು. ರಾಜರ್ ಲಿನ್ ಡ್ರಮ್ ಮಷೀನಿಗೆ ತಂದ ಲೆಕ್ಕದಲ್ಲಿ 50 ಎಂದರೆ ನೇರ. 54ರಿಂದ 58ರ ಒಳಗೆ ಇಟ್ಟು ನೋಡು. ಅಷ್ಟಕ್ಕೇ ಉಸಿರು ಬರುತ್ತದೆ.

ಇನ್ನೊಂದು, ಗುರುತು. ಒಂದು ವಿಚಿತ್ರ ಸೌಂಡು ಸಾಕು, ಎರಡಾದರೆ ಜಗಳ. ರಾಪರ್ ಮಿಸ್ಸಿ ಎಲಿಯಟ್‌ಗೆ 2001ರಲ್ಲಿ ಟಿಂಬಲ್ಯಾಂಡ್ ಎಂಬ ಬೀಟ್‌ಗಾರ ಮಾಡಿಕೊಟ್ಟ 'ಗೆಟ್ ಯುವರ್ ಫ್ರೀಕ್ ಆನ್' ನೆನಪಿದೆಯಾ? ತುಂಬಿ ಎಂಬ ಪಂಜಾಬಿ ಒಂಟಿ ತಂತಿ ವಾದ್ಯದ ಆರು ಸ್ವರ, ಕೆಳಗೆ ತಬಲಾ. ಬೇರೆ ಏನು ಇದೆ ಎಂದು ಯಾರಿಗೂ ನೆನಪಿಲ್ಲ. 2002ರ 'ಗ್ರೈಂಡಿನ್' ಇನ್ನೂ ಮುಂದೆ ಹೋಯಿತು. ಕ್ಲಿಪ್ಸ್ ಎಂಬ ಅಣ್ಣ ತಮ್ಮಂದಿರ ಹಾಡು, ಬೀಟ್ ನೆಪ್ಚೂನ್ಸ್ ಎಂಬ ಜೋಡಿಯದು. ರಾಗ ಇಲ್ಲ ಎಂದೇ ಹೇಳಬಹುದು. ಧಡ್ ಧಡ್ ಪೆಟ್ಟು, ನಾಲಿಗೆಯಲ್ಲಿ ಲೊಟಕೆ ಹೊಡೆದಂತಹ ಸದ್ದು, ನಡುವೆ ಖಾಲಿ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಊಟದ ಟೇಬಲ್ ಮೇಲೆ ಮುಷ್ಟಿಯಲ್ಲಿ ಅದನ್ನು ಬಾರಿಸುತ್ತಾ ರಾಪ್ ಮಾಡುತ್ತಿದ್ದರು. ನೋಡು, ಕೈಯಲ್ಲಿ ಬಾರಿಸಲು ಬರುವ ಬೀಟ್‌ಗೆ ಸ್ಪೀಕರ್ ಕೂಡ ಬೇಡ. ಅದು ಎಲ್ಲರ ಕೈಗೂ ಹೋಗಿಬಿಡುತ್ತದೆ.

ಒಂದು ವಿಷಯ ಮರೆಯುತ್ತಿದ್ದೆ, ಲೂಪ್‌ನ, ಅಂದರೆ ತಿರುಗಿ ತಿರುಗಿ ಬರುವ ತುಂಡಿನ, ಕೊನೆ. ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಮುಗಿಯುವ ಜಾಗದಲ್ಲಿ ನಿನ್ನದು ನಿಂತು, ಮತ್ತೆ ಶುರುವಾಗುತ್ತದೆ. ಹೊಲಿಗೆ ಕಾಣುತ್ತದೆ. ಕೊನೆಯ ಅರ್ಧ ಬಾರ್‌ನಲ್ಲಿ ಏನೋ ಒಂದು ಬಾಕಿ ಉಳಿಯಬೇಕು, ಅದು ತೀರುವುದು ಮೊದಲ ಕಿಕ್‌ನಲ್ಲಿ. ಆಗ ಅದನ್ನು ನೂರು ಸಲ ಕೇಳಿದರೂ ಇನ್ನೊಂದು ಸಲ ಬೇಕು ಅನ್ನಿಸುತ್ತದೆ.

ಹಾಗಾಗಿ ಹೀಗೆ ಮಾಡು. ಸ್ಟ್ರಿಂಗ್ಸ್ ಎಲ್ಲ ಮ್ಯೂಟ್. ಆ ಎರಡನೇ ಪಿಯಾನೋ ಕೂಡ. ಕಿಕ್, ಸ್ನೇರ್, ಹ್ಯಾಟ್, ಬಾಸ್, ಆಮೇಲೆ ಶುರುವಿನಲ್ಲಿ ಬರುವ ಆ ಕೊಳಲಿನಂಥ ಸೌಂಡು, ಇಷ್ಟೇ ಇಟ್ಟು ಮತ್ತೆ ಗ್ರೂಪಿಗೆ ಹಾಕು. ಅದನ್ನು ಓಡಿಸಿಕೊಂಡು ಅಕ್ಕ ಪೇಪರ್‌ನ ಯಾವುದಾದರೂ ಸುದ್ದಿ ಜೋರಾಗಿ ಓದಲಿ. ಮಾತು ಬೀಟ್‌ಗೆ ಡಿಕ್ಕಿ ಹೊಡೆಯುವ ಕಡೆಯೆಲ್ಲ ಇನ್ನೂ ಏನೋ ತೆಗೆಯಬೇಕು ಎಂದರ್ಥ. ಓದುವುದಕ್ಕೆ ದೊಡ್ಡಪ್ಪ ಒಪ್ಪಿದರೆ ಇನ್ನೂ ಒಳ್ಳೆಯದು, ಅವರ ದನಿಗೆ ತೂಕ ಇದೆ. ವೇಗ ಮಾತ್ರ ಮುಟ್ಟಬೇಡ, 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಪೆಟ್ಟು, ಸರಿಯಾಗಿದೆ.