ಅಪ್‌ಡೇಟ್: ಅಟ್ಟದ ಹಳೆಯ ಇನ್ಸುಲೇಷನ್ ಪೂರ್ತಿ ತೆಗೆಸಬೇಕಾಗಲಿಲ್ಲ

ಮಿನೆಸೋಟಾದಲ್ಲಿ 1968ರಲ್ಲಿ ಕಟ್ಟಿದ ನಮ್ಮ ಮನೆಯ ಅಟ್ಟದ ಫೈಬರ್‌ಗ್ಲಾಸ್ ಇನ್ಸುಲೇಷನ್ (ಮನೆಯ ಬಿಸಿ ಹೊರಹೋಗದಂತೆ ಹಾಸಿದ ಗಾಜಿನ ನಾರಿನ ಹಾಸು) ಅಲ್ಲಲ್ಲಿ ಕಪ್ಪಾಗಿದೆ, ಎಲ್ಲವನ್ನೂ ಬದಲಾಯಿಸಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ನಿಮ್ಮ ಸಲಹೆಯಂತೆ ಮಾಸ್ಕ್, ಕೈಗವಸು ಧರಿಸಿ, ಸ್ಕೇಲ್ ಹಿಡಿದು ನಾನೇ ಹತ್ತಿ ನೋಡಿದೆ. ಹೆಚ್ಚಿನ ಕಡೆ ದಪ್ಪ 5 ಇಂಚು ಮಾತ್ರವಿದ್ದರೂ ಹಾಸು ಒಣಗಿಯೇ ಇತ್ತು. ಆ ಕಪ್ಪು ಬೂಷ್ಟಲ್ಲ, ಕೆಳಗಿನ ಕೋಣೆಗಳಿಂದ ಮೇಲೇರುವ ಬೆಚ್ಚನೆಯ ಗಾಳಿಯನ್ನು ಈ ನಾರು ವರ್ಷಗಟ್ಟಲೆ ಸೋಸಿ ಹಿಡಿದಿಟ್ಟ ಧೂಳು ಎಂಬುದು, ಒಂದು ಹಾಸನ್ನು ಎತ್ತಿ ಅದರಡಿಯಲ್ಲಿ ವೈರಿಂಗ್‌ಗಾಗಿ ಕೊರೆದ ತೂತನ್ನು ಕಂಡಾಗ ಸ್ಪಷ್ಟವಾಯಿತು. ಆದರೆ ಬಚ್ಚಲುಮನೆಯ ಫ್ಯಾನಿನ ಕೊಳವೆ ಹೊರಗೆ ಹೋಗದೆ ಅಟ್ಟದಲ್ಲೇ ಬಾಯಿ ತೆರೆದಿದ್ದ ಮೂಲೆಯಲ್ಲಿ ಹಾಸು ಒದ್ದೆಯಾಗಿ ಒಂದು ಇಂಚಿಗೆ ಕುಸಿದಿತ್ತು; ಪಕ್ಕದಲ್ಲೇ ಇಲಿಯ ಹಿಕ್ಕೆಯೂ ಇತ್ತು. ಅಷ್ಟನ್ನು ಮಾತ್ರ ತೆಗೆಸಿದೆವು.

ಹಳೆಯ ಅಟ್ಟಗಳಲ್ಲಿ ಇನ್ಸುಲೇಷನ್ ಆಗಿ ಸುರಿಯುತ್ತಿದ್ದ ವರ್ಮಿಕ್ಯುಲೈಟ್ ಎಂಬ ಖನಿಜ ನಮ್ಮಲ್ಲಿ ಇರಲಿಲ್ಲ. ಹಗುರವಾದ, ಹೊಳೆಯುವ ಕಂದು ಚೂರುಗಳು ಕಂಡರೆ ದಯವಿಟ್ಟು ಕೆದಕದೆ ಕೆಳಗಿಳಿಯಿರಿ. 1990ರವರೆಗೆ ನಡೆದ ಮೊಂಟಾನಾದ ಲಿಬ್ಬಿ ಗಣಿಯ ವರ್ಮಿಕ್ಯುಲೈಟ್‌ನಲ್ಲಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಬೆರೆತಿತ್ತು.

ಮೊದಲು ತೂತುಗಳನ್ನು ಮುಚ್ಚಿಸಿ, ಕೊಳವೆಯನ್ನು ಛಾವಣಿಯಾಚೆಗೆ ಒಯ್ದು, ಆಮೇಲೆ ಹಳೆಯದರ ಮೇಲೆಯೇ 10 ಇಂಚು ಸೆಲ್ಯುಲೋಸ್ (ಕಾಗದದ ಚೂರಿನಿಂದ ಮಾಡಿದ ಇನ್ಸುಲೇಷನ್) ಊದಿಸಿ ಸುಮಾರು ಆರ್-49 ಮಟ್ಟಕ್ಕೆ ತಂದೆವು (ಆರ್ ಎಂದರೆ ಬಿಸಿಯನ್ನು ತಡೆಯುವ ಶಕ್ತಿಯ ಅಳತೆ; ಹೆಚ್ಚಿದ್ದಷ್ಟೂ ಒಳ್ಳೆಯದು). ಈ ಚಳಿಗಾಲದಲ್ಲಿ ಛಾವಣಿಯ ಹಿಮ ತೇಪೆತೇಪೆಯಾಗಿ ಕರಗದೆ ಸಮವಾಗಿ ನಿಂತಿದೆ, ಸೂರಿನಂಚಿನಲ್ಲಿ ಮಂಜುಗಡ್ಡೆ ಕಟ್ಟಿಲ್ಲ; ಅಂದರೆ ಮನೆಯ ಬಿಸಿ ಮೊದಲಿನಂತೆ ಛಾವಣಿಗೆ ಸೋರುತ್ತಿಲ್ಲ.