ಗಜನಿಯ ಹಲಗೆ ಕಿತ್ತವರು ನಾವೆಂದು ಇಷ್ಟು ವರ್ಷಗಳ ಮೇಲೆ ಹೇಳಬೇಕೇ?

ಪ್ರಶ್ನೆ – ಅಳಿವೆಯ ದಡದವ

ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ಅಳಿವೆಯ ದಡದಲ್ಲಿರುವ ಊರು ನನ್ನದು. ನಮ್ಮ ಗಜನಿ ಗದ್ದೆಗಳನ್ನು ನೋಡದವರಿಗಾಗಿ ಇಷ್ಟು ಹೇಳಬೇಕು: ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಉದ್ದಕ್ಕೂ ಕಟ್ಟೆಯಿರುತ್ತದೆ, ಕಟ್ಟೆಯ ನಡುವಿನ ಗಂಡಿಗೆ ಮರದ ಹಲಗೆಗಳನ್ನು ಇಳಿಸಿ, ಸಂದುಗಳಿಗೆ ಜೇಡಿಮಣ್ಣು ಮೆತ್ತಿರುತ್ತಾರೆ. ಮಳೆಗಾಲದಲ್ಲಿ ಒಳಗೆ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಾದ ಮೇಲೆ ಹಲಗೆ ತೆಗೆದು ಹೊಳೆಯ ನೀರನ್ನು ಒಳಗೆ ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ.

1989ರಲ್ಲಿ ನನಗೆ ಹನ್ನೊಂದು ವರ್ಷ. ದೀಪಾವಳಿ ಅಮಾವಾಸ್ಯೆಯ ಹಿಂದಿನ ಸಂಜೆ, ನೀರು ಇಳಿಯುತ್ತಿದ್ದ ಹೊತ್ತಿನಲ್ಲಿ, ನಾನೂ ನನ್ನ ಚಿಕ್ಕಪ್ಪನ ಮಗನೂ ಗಂಡಿಯ ಜೇಡಿಯನ್ನು ಬೆರಳಿನಿಂದ ಕೆರೆದು ಎರಡು ಹಲಗೆಗಳನ್ನು ಎತ್ತಿ, ಹರಿದು ಬರುವ ನೀರಿಗೆ ಹಳೆಯ ಬಲೆಯ ತುಂಡೊಂದನ್ನು ಅಡ್ಡ ಹಿಡಿದೆವು. ಸಿಕ್ಕಿದ್ದು ಒಂದು ಬೊಗಸೆ ಸಿಗಡಿ. ಮೇಲಿನ ಹಲಗೆಯನ್ನು ತಿರುಗಿ ಇಳಿಸಿದೆವು. ಕೆಳಗಿನದು ಎಷ್ಟು ಒತ್ತಿದರೂ ಕೂರಲಿಲ್ಲ, ಕತ್ತಲಾಗುತ್ತಿತ್ತು, ಹಾಗೇ ಬಿಟ್ಟು ಓಡಿದೆವು. ನಡುರಾತ್ರಿಯ ಹೊತ್ತಿಗೆ ಅಮಾವಾಸ್ಯೆಯ ದೊಡ್ಡ ಭರತ, ಅಂದರೆ ಉಬ್ಬರದ ನೀರು, ಬಂದು ಬೆಳಗಾಗುವಾಗ ಕೊಯ್ಲಿಗೆ ನಿಂತಿದ್ದ ಕಗ್ಗ ನೀರಿನಲ್ಲಿ ಮಲಗಿತ್ತು.

ಗಂಡಿ ಕಾಯುತ್ತಿದ್ದ ಅಜ್ಜನೊಬ್ಬರಿದ್ದರು. ಕುಡಿದು ಮಲಗಿದ್ದರೆಂದು ಊರವರು ತೀರ್ಮಾನಿಸಿ ಅವರನ್ನು ಕೆಲಸದಿಂದ ಬಿಡಿಸಿದರು. ಆ ಮಾತುಕತೆ ನಡೆದ ಜಗಲಿಯ ಕಂಬದ ಹಿಂದೆ ನಾನು ನಿಂತಿದ್ದೆ. ತೆಂಗಿನ ನಾರಿನಿಂದ ಉಜ್ಜಿದರೂ ಉಗುರಿನ ಸಂದಿನ ಕಪ್ಪು ಜೇಡಿ ಹೋಗಿರಲಿಲ್ಲವಾದ್ದರಿಂದ ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆ. ಬಾಯಿ ಬಿಡಲಿಲ್ಲ. ಅಜ್ಜ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮಗಳು ಊರಿನಲ್ಲಿಯೇ ಇದ್ದಾರೆ, ಎದುರಾದಾಗಲೆಲ್ಲ ಮಕ್ಕಳ ಕ್ಷೇಮ ಕೇಳುತ್ತಾರೆ. ಅವರಿಗೆ ಈಗ ಇದನ್ನು ಹೇಳುವುದು ಅವರಿಗೋಸ್ಕರವೋ, ನನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೋ? ತಿಳಿದವರು ಹೇಳಬೇಕು.

ಉತ್ತರ – ಶಿರಸಿ ಕಡೆಯ ತೋಟಿಗ

ನಾನು ಎಂಟನೆಯ ವಯಸ್ಸಿನಲ್ಲಿ ಅಂಗಳದಲ್ಲಿ ಒಣಗಿಸಿದ್ದ ಚಾಲಿ ಅಡಿಕೆಯನ್ನು ಚಡ್ಡಿಯ ಕಿಸೆಯಲ್ಲಿ ತುಂಬಿಕೊಂಡು ಹೋಗಿ ಅಂಗಡಿಗೆ ಮಾರಿದ್ದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು, ಆ ಸಲ ತೊಟ್ಟಿಲು ಹತ್ತಲೇಬೇಕೆಂಬ ಆಸೆ. ಅದೇ ಸಂಜೆ ಸಿಕ್ಕಿಬಿದ್ದೆ, ಅಪ್ಪಯ್ಯ ಬರಲಿನಲ್ಲಿ ಬಾರಿಸಿದರು, ಅಲ್ಲಿಗೆ ಮುಗಿಯಿತು. ನಿಮಗೆ ಆ ಬರಲಿನ ಪೆಟ್ಟು ಸಿಗಲಿಲ್ಲ, ಆದ್ದರಿಂದಲೇ ಅದು ಇನ್ನೂ ಮುಗಿದಿಲ್ಲ. ಆದರೂ ಆ ತಾಯಿಗೆ ಈಗ ಹೇಳಿ ನೋಯಿಸುವುದು ಬೇಡವೆಂದೇ ನನಗೆ ಅನ್ನಿಸುತ್ತದೆ. ಅಜ್ಜನ ಹೆಸರಿನಲ್ಲಿ ಏನಾದರೂ ಒಳ್ಳೆಯ ಕೆಲಸ ಮಾಡಿ, ಸುಮ್ಮನಿರಿ.

ಉತ್ತರ – ಗಜನಿ ರೈತ

ತೋಟಿಗರ ಮಾತನ್ನು ನಾನು ಒಪ್ಪಲಾರೆ. ನಾವೂ ಕಗ್ಗ ಬೆಳೆಯುವವರು. ಕಗ್ಗ ಉಪ್ಪಿಗೂ ನೆರೆಗೂ ಹೆದರುವ ಭತ್ತವಲ್ಲ, ಅದಕ್ಕಾಗಿಯೇ ನಮ್ಮ ಹಿರಿಯರು ಅದನ್ನು ಉಳಿಸಿಕೊಂಡು ಬಂದರು. ಮಲಗಿದ ಪೈರಿನಲ್ಲಿಯೂ ಇಳಿತದಲ್ಲಿ ನೀರು ಹೊರಬಿಟ್ಟು, ಬೇಗ ಕೊಯ್ದು ಒಂದಿಷ್ಟನ್ನು ಮನೆಗೆ ತಂದಿರುತ್ತಾರೆ. ಮರುವರ್ಷದ ಮಳೆ ಗದ್ದೆಯ ಉಪ್ಪನ್ನು ತೊಳೆದೂ ಇರುತ್ತದೆ. ಆದ್ದರಿಂದ ಭತ್ತದ ನಷ್ಟದ ಚಿಂತೆ ನಿಮಗೆ ಬೇಡ. ಆದರೆ ಗಂಡಿ ಕಾಯುವವನೆಂದರೆ ಹಗಲೂ ರಾತ್ರಿ ಭರತ ಇಳಿತಗಳ ಲೆಕ್ಕದಲ್ಲಿಯೇ ಬದುಕುವವನು. ಇಡೀ ಊರು ಅವನನ್ನು ನಂಬಿ ನಿದ್ದೆ ಮಾಡುತ್ತದೆ. ಅಂಥವನಿಗೆ ಕುಡಿದು ಮಲಗಿದವನೆಂಬ ಹೆಸರು ಬಂದರೆ ಅದನ್ನು ತೊಳೆಯುವ ಮಳೆ ಯಾವುದೂ ಇಲ್ಲ. ನೀವು ಹೇಳಲೇಬೇಕು, ಅಪವಾದ ಹೊರಿಸಿದ ಊರಿಗೂ ಅದು ಕೇಳಬೇಕು.

ಉತ್ತರ – ನಿವೃತ್ತ ಶಿಕ್ಷಕಿ, ಕಾರವಾರ

ಹನ್ನೊಂದು ವರ್ಷದ ಹುಡುಗ ಹಲಗೆ ಕಿತ್ತದ್ದು ಹುಡುಗಾಟಿಕೆ, ಅದನ್ನು ಯಾರಾದರೂ ಕ್ಷಮಿಸಿಯಾರು. ಹೆದರಿ ಬಾಯಿ ಮುಚ್ಚಿಕೊಂಡದ್ದೂ ಆ ವಯಸ್ಸಿಗೆ ಸಹಜವೇ. ಆದರೆ ಇಪ್ಪತ್ತೈದು ವರ್ಷದವನಾಗಿಯೂ, ನಲವತ್ತು ವರ್ಷದವನಾಗಿಯೂ ಸುಮ್ಮನಿದ್ದವರು ನೀವು. ಅದನ್ನು ಆ ಹುಡುಗನ ತಲೆಗೆ ಕಟ್ಟಬೇಡಿ. ಹೇಳುವುದಾದರೆ ಮೊದಲು ಆಕೆಯ ಮನೆಗೆ ಒಬ್ಬರೇ ಹೋಗಿ. ಊರ ಮುಂದೆ ಹೇಳಬೇಕೇ ಬೇಡವೇ ಎಂಬುದನ್ನು ಆಕೆಯೇ ನಿರ್ಧರಿಸಲಿ. ಆಕೆ ಬೈದರೆ ಕೇಳಿಸಿಕೊಳ್ಳಿ, ಸಮಾಧಾನ ಹೇಳಲು ಹೋಗಬೇಡಿ.

ಪ್ರಶ್ನೆ ಕೇಳಿದವರ ಮರುಬರಹ

ಹೋಗಿ ಬಂದೆ. ಶಿಕ್ಷಕಿಯವರು ಹೇಳಿದಂತೆ ಒಬ್ಬನೇ ಹೋದೆ. ಅಕ್ಕ ಹೊಸ್ತಿಲ ಬಳಿ ಕುಳಿತು ಬೆಳಚು ಚಿಪ್ಪುಮೀನನ್ನು ಒಡೆಯುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ‘ಕಿತ್ತಾಗ ಹಲಗೆಗೆ ಜೇಡಿ ಮೆತ್ತಿತ್ತೋ, ಇರಲಿಲ್ಲವೋ?’ ಮೆತ್ತಿತ್ತು, ಹಸಿ ಜೇಡಿ, ನಾವೇ ಕೆರೆದು ತೆಗೆದದ್ದು ಎಂದೆ. ಅಕ್ಕ ಕೈಯಲ್ಲಿದ್ದ ಚಿಪ್ಪನ್ನು ಬುಟ್ಟಿಗೆ ಹಾಕಿದರು. ‘ಅವತ್ತು ಜೇಡಿ ಮೆತ್ತಿ ಬಂದಿದ್ದೆ ಅಂತ ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಊರವರು ಬಿಡು, ಮನೆಯಲ್ಲಿ ನಾವೂ ನಂಬಲಿಲ್ಲ’ ಎಂದರು.

ನನ್ನ ಎದೆಯ ಭಾರ ಇಳಿಯಿತೆಂದು ಹೇಳಲಾರೆ. ಆ ಮನೆಯೊಳಗೂ ಅಜ್ಜ ಒಬ್ಬರೇ ಆಗಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಕೊಯ್ಲು ಮುಗಿದ ಮೇಲೆ ಸಿಗಡಿ ಹಿಡಿಯುವ ಹಕ್ಕಿನ ಹರಾಜಿಗೆ ಗಜನಿಯ ಎಲ್ಲ ಮನೆಯವರೂ ಸೇರುತ್ತಾರೆ. ಆ ದಿನ ಅಲ್ಲಿಗೆ ಬಂದು, ಜೇಡಿಯ ಮಾತನ್ನು ಮೊದಲು ಹೇಳಬೇಕೆಂದು ಅಕ್ಕ ಕೇಳಿದ್ದಾರೆ. ಚಿಕ್ಕಪ್ಪನ ಮಗನಿಗೂ ಫೋನ್ ಮಾಡಿದ್ದೇನೆ, ಅವನೂ ಬರುತ್ತಾನೆ.