‘ಫಿಟ್’ ಆಗುವುದಕ್ಕೆ ನಮ್ಮ ಮಾತು: ಹಿಡಿಸು, ಕೂರು, ಒಗ್ಗು?

ಬಳಗದವರಿಗೆ ನಮಸ್ಕಾರ.

ಅರ್ಧ ಪುಟದ ಅನುವಾದವೊಂದು ಎರಡು ವಾರದಿಂದ ನನ್ನ ಮೇಜಿನ ಮೇಲೆ ಬಿದ್ದಿದೆ. ಲಂಡನ್ನಿನಲ್ಲಿ ನನ್ನ ಮಗಳು ಬ್ಯಾಲೆ ನೃತ್ಯ ಕಲಿಯುವಲ್ಲಿಗೆ ಇನ್ನೂ ಮೂರು ಕನ್ನಡದ ಮನೆಗಳ ಮಕ್ಕಳು ಬರುತ್ತಾರೆ. ಅವರನ್ನು ಕರೆತರುವುದು ಹೆಚ್ಚಾಗಿ ಊರಿನಿಂದ ಬಂದಿರುವ ಅಜ್ಜ ಅಜ್ಜಿಯರೇ. ಮೆತ್ತನೆಯ ಬ್ಯಾಲೆ ಶೂ ಕೊಳ್ಳುವಾಗ ಏನೇನು ನೋಡಬೇಕು ಎಂದು ಟೀಚರು ಬರೆದುಕೊಟ್ಟದ್ದನ್ನು ಅವರಿಗಾಗಿ ಕನ್ನಡಕ್ಕೆ ತರುತ್ತೇನೆಂದು ಒಪ್ಪಿಕೊಂಡುಬಿಟ್ಟೆ. ‘ಫಿಟ್’ ಎಂಬ ಒಂದೇ ಪದದ ಮುಂದೆ ಪೆನ್ನು ನಿಂತಿದೆ.

ವಸ್ತುವಿನ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ‘ಬ್ಯಾಲೆ ಸ್ಲಿಪರ್’ ಎಂದು ಬರೆದರೆ ನಮ್ಮವರಿಗೆ ಬಚ್ಚಲಿಗೆ ಹಾಕಿಕೊಂಡು ಹೋಗುವ ಹವಾಯಿ ಚಪ್ಪಲಿ ಕಣ್ಣಿಗೆ ಬರುತ್ತದೆ. ಧಾರವಾಡದಲ್ಲಿದ್ದ ಅವ್ವನಿಗೆ ಮೊದಲ ಸಲ ಫೋನಿನಲ್ಲಿ ಹೇಳಿದಾಗ, “ಬ್ಯಾಳಿ ಚಪ್ಲಿ ಅಂದ್ರ ಏನವಾ?” ಎಂದು ಕೇಳಿದ್ದಳು. ಹಾಗಾಗಿ ‘ಬ್ಯಾಲೆ ಶೂ’ ಎಂದೇ ಇಟ್ಟುಕೊಂಡಿದ್ದೇನೆ.

ಬಿಡಿಭಾಗಗಳ ಹೆಸರಿಗೂ ಬರವಿಲ್ಲ. ಅವ್ವ ಈಗ ಇಲ್ಲೇ ಇದ್ದಾಳೆ, ಮೊಮ್ಮಗಳ ಶೂಗಳಿಗೆ ಇಲಾಸ್ಟಿಕ್ ಹೊಲಿದುಕೊಡುವುದು ಅವಳೇ. ಬಾಯಿಯ ಸುತ್ತ ಪಟ್ಟಿಯೊಳಗೆ ಓಡುವ ದಾರವನ್ನು ನೋಡಿದೊಡನೆ ‘ಲಾಡಿ’ ಎಂದಳು. ಬೆರಳುಗಳ ಕೆಳಗೆ ತೊಗಲನ್ನು ಸುರುಟಿ ಅಡಿಗೆ ಸೇರಿಸಿದ ಜಾಗಕ್ಕೆ ‘ನೆರಿಗಿ’ ಎಂದಳು. ಅಡಿಯ ತೊಗಲಿಗೆ ನಮ್ಮಲ್ಲಿ ‘ಅಟ್ಟೆ’ ಎಂಬ ಮಾತು ಇದ್ದೇ ಇದೆ: ಪುಟ್ಟ ಮಕ್ಕಳದಕ್ಕೆ ಸಾಮಾನ್ಯವಾಗಿ ಇಡೀ ಅಟ್ಟೆ, ದೊಡ್ಡವರದಕ್ಕೆ ಮುಂಗಾಲಿಗೊಂದು ಹಿಮ್ಮಡಿಗೊಂದು ಎಂದು ಎರಡು ತುಂಡಿನ ಅಟ್ಟೆ.

ತೊಡಕು ಬರುವುದು ಅಳತೆಗೆ. ಬೆಳೆಯುವ ಮಗುವಿಗೆ ಒಂದು ನಂಬರ್ ದೊಡ್ಡದು ಕೊಳ್ಳುವುದು ನಮ್ಮ ಮನೆಗಳ ಹಳೆಯ ಲೆಕ್ಕ. ಶಾಲೆಯ ಲಂಗಕ್ಕೆ ಒಳಗೊಂದು ಮಡಿಕೆ ಬಿಟ್ಟು ಹೊಲಿಸುತ್ತಿದ್ದೆವಲ್ಲ, ಹಾಗೆ. ಬ್ಯಾಲೆ ಶೂಗೆ ಆ ಲೆಕ್ಕ ನಡೆಯದು. ನಿಂತಾಗ ಬೆರಳುಗಳು ಮಡಚಿಕೊಳ್ಳದೆ ನೆಲದ ಮೇಲೆ ಚಪ್ಪಟೆಯಾಗಿ ಚಾಚಿರಬೇಕು, ಆದರೆ ಅವುಗಳ ಮುಂದೆ ಖಾಲಿ ಜಾಗ ಉಳಿಯಬಾರದು. ಪಾದವನ್ನು ಚೂಪಾಗಿ ನೀಡಿದಾಗ ಹಿಮ್ಮಡಿಯ ಹಿಂದೆ ಬಟ್ಟೆ ಜೋತುಬೀಳಬಾರದು. ಬೀದಿಯ ಶೂ ನಂಬರು ಹೇಳಿ ತರಿಸುವಂತೆಯೂ ಇಲ್ಲ. ಬ್ಲಾಕ್, ಕಪೇಜಿಯೊ, ಸಾನ್ಷಾ, ಫ್ರೀಡ್ ಎಂದು ಶೂ ತಯಾರಿಸುವ ಕಂಪನಿಗಳು ಹಲವು, ಒಬ್ಬೊಬ್ಬರ ಅಳತೆ ಒಂದೊಂದು. ಬಳೆಗಾರನ ಮುಂದೆ ಕೈ ನೀಡಿದಂತೆ ಅಂಗಡಿಯಲ್ಲಿ ಕಾಲು ನೀಡಿಯೇ ನೋಡಬೇಕು.

ಇದನ್ನೆಲ್ಲ ಟೀಚರು ಇಂಗ್ಲಿಷಿನಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿದ್ದಾರೆ. ನಾನು ‘ಬಿಗಿಯಾಗಿರಬೇಕು’ ಎಂದು ಬರೆದು ಹೊಡೆದುಹಾಕಿದೆ. ಬಿಗಿ ಎಂದರೆ ನಮಗೆ ದೂರಿನ ಮಾತು, ಓದಿದ ಅಜ್ಜಿ ನೇರ ಹೋಗಿ ಒಂದು ನಂಬರ್ ದೊಡ್ಡದು ತರುತ್ತಾರೆ. ಸಡಿಲ, ಅಳ್ಳಕ, ದೊಗಳೆ ಎಂದು ದೊಡ್ಡದಾದದ್ದಕ್ಕೆ ಎಷ್ಟೊಂದು ಪದ! ಚಿಕ್ಕದಾದರೆ ಒತ್ತುತ್ತದೆ, ಇರುಕುತ್ತದೆ, ಕಚ್ಚುತ್ತದೆ. ಸರಿಯಾಗಿದ್ದರೆ? ‘ಸರಿಹೊಂದುತ್ತದೆ’ ಎಂದರೆ ಸರ್ಕಾರಿ ಅರ್ಜಿಯ ವಾಸನೆ. ‘ಅಳತೆ ಸರಿಯಿದೆ’ ಎಂಬುದು ಶೂವಿನ ನಂಬರಿನ ಬಗ್ಗೆ ಹೇಳುತ್ತದೆ, ಕಾಲಿನ ಬಗ್ಗೆ ಅಲ್ಲ.

‘ಹಿಡಿಸು’ ಒಂದು ದಿನ ಮನಸ್ಸು ಸೆಳೆಯಿತು. ಡಬ್ಬಿಯಲ್ಲಿ ಅಕ್ಕಿ ಹಿಡಿಸುತ್ತದೆ, ಶೂವಿನಲ್ಲಿ ಕಾಲು ಹಿಡಿಸುತ್ತದೆ. ಮೆಚ್ಚುವುದಕ್ಕೂ ಅದೇ ಕ್ರಿಯಾಪದ ಎಂಬುದು ಸೊಗಸು. ಆದರೆ ದೊಡ್ಡ ಶೂವಿನಲ್ಲೂ ಕಾಲು ಹಿಡಿಸುತ್ತದಲ್ಲ!

ಪದ ಸಿಕ್ಕಿದ್ದು ಅಂಗಡಿಯಲ್ಲಿ. ಮಗಳು ನಾಲ್ಕನೆಯ ಜೋಡಿ ಹಾಕಿಕೊಂಡು ತುದಿಗಾಲಲ್ಲಿ ಎದ್ದು ಇಳಿದಾಗ ಅವ್ವ ಬಗ್ಗಿ ಹಿಮ್ಮಡಿಯನ್ನು ಚಿವುಟಿ ನೋಡಿ, “ಈಗ ಕುಂತೈತಿ ನೋಡು” ಎಂದಳು. ರವಿಕೆ ಹೊಲಿಯುವವರು ಹೆಗಲು ನೋಡಿ ‘ಚೆನ್ನಾಗಿ ಕೂತಿದೆ’ ಎನ್ನುವುದೂ ಇದೇ. ಒಳಗೆ ಹೋಗಿದ್ದಷ್ಟೇ ಅಲ್ಲ, ಅಲುಗದೆ ನೆಲೆ ಕಂಡಿದೆ ಎಂಬ ಅರ್ಥ ‘ಕೂರು’ವಿನಲ್ಲಿದೆ.

ಇದರ ಪಕ್ಕದಲ್ಲೇ ‘ಒಗ್ಗು’ ಬೇಕು. ತೊಗಲಿನ ಬ್ಯಾಲೆ ಶೂ ಹಾಕುತ್ತ ಹಾಕುತ್ತ ಕಾಲಿನ ಆಕಾರಕ್ಕೆ ಹಿಗ್ಗುತ್ತದೆ. ಎಷ್ಟೋ ಜೋಡಿಗಳಲ್ಲಿ ಎಡ ಬಲ ಎಂಬ ಭೇದವೇ ಇರುವುದಿಲ್ಲ, ಯಾವುದು ಯಾವ ಕಾಲಿನದು ಎಂಬುದನ್ನು ಕಾಲುಗಳೇ ತೀರ್ಮಾನಿಸುತ್ತವೆ. ಕ್ಯಾನ್ವಾಸಿನದು ಅಷ್ಟು ಹಿಗ್ಗುವುದಿಲ್ಲ. ತೊಗಲು ಒಗ್ಗುತ್ತದೆ, ಕ್ಯಾನ್ವಾಸು ಮೊದಲ ದಿನವೇ ಕೂರಬೇಕು. ಇಂಗ್ಲಿಷಿನ ಒಂದು ಪದದಲ್ಲಿ ಕಾಣದ ವ್ಯತ್ಯಾಸ ನಮ್ಮ ಎರಡು ಕ್ರಿಯಾಪದಗಳಲ್ಲಿ ತಾನಾಗಿ ಬಂತು ಎಂದು ನನಗೆ ಒಳಗೊಳಗೇ ಹಿಗ್ಗು.

ಇನ್ನೊಂದು ಅನುಮಾನ, ಹಾಕಿಕೊಳ್ಳುವ ಕ್ರಿಯೆಯದು. ಚಪ್ಪಲಿಯನ್ನು ‘ಮೆಟ್ಟು’ತ್ತೇವೆ, ಅದಕ್ಕೇ ಅದು ‘ಮೆಟ್ಟು’. ಬ್ಯಾಲೆ ಶೂ ಕಾಲುಚೀಲದಂತೆ ಪಾದವನ್ನು ಸುತ್ತಿಕೊಳ್ಳುವಂಥದು, ಮೆಟ್ಟುವ ವಸ್ತುವಲ್ಲ. ಬಳೆಯಂತೆ ಇದನ್ನೂ ‘ತೊಡು’ವುದು ಎನ್ನಬಹುದೇ? ನಮ್ಮ ಭರತನಾಟ್ಯ ಬರಿಗಾಲಿನದು. ತುದಿಗಾಲಿಗೆ ‘ಅಗ್ರತಲಸಂಚರ’ ಎಂಬ ಹೆಸರು ನಾಟ್ಯಶಾಸ್ತ್ರದಲ್ಲೇ ಇದೆ, ಕುಣಿಯುವ ಕಾಲಿಗೆ ತೊಡಿಸುವ ಶೂವಿನ ಮಾತು ಅಲ್ಲಿ ಸಿಗದು. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಮಾಡಿದರೆಂಬ ‘ಚಮ್ಮಾವುಗೆ’ ನೆನಪಾಯಿತು. ಚರ್ಮದಂತೆ ಕೂರುವ ಪಾದರಕ್ಷೆಗೆ ಒಳ್ಳೆಯ ಹೆಸರೇ, ಆದರೆ ಆ ಕಥೆಯ ಭಾರವನ್ನು ಗುಲಾಬಿ ಬಣ್ಣದ ಪುಟ್ಟ ಶೂಗಳ ಮೇಲೆ ಹೊರಿಸಲು ಮನಸ್ಸು ಬರಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಪಾದರಕ್ಷೆಗೆ ‘ಕೂರು’ ಬಳಸುವುದು ಮೈಸೂರು, ಮಂಗಳೂರು ಕಡೆ ಇದೆಯೇ, ಅಥವಾ ಅಲ್ಲಿ ಅದು ಬಟ್ಟೆಗೆ ಮಾತ್ರವೇ? ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರ ಒಡನಾಟ ಇರುವವರು ಬಳಗದಲ್ಲಿದ್ದರೆ, ಹೊಸ ಜೋಡು ಗಿರಾಕಿಯ ಕಾಲಿಗೆ ಸರಿಬಂದಾಗ ಅವರು ಏನೆನ್ನುತ್ತಾರೆ ಎಂದು ಕೇಳಿ ತಿಳಿಸುತ್ತೀರಾ?

ಶನಿವಾರದ ತರಗತಿಗೆ ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ಶೂ ಕಾಲಿಗೆ ಕಾಲುಚೀಲದಂತೆ ಕೂರಬೇಕು, ಬೆರಳು ಮಡಚಬಾರದು, ಹಿಮ್ಮಡಿ ಜಾರಬಾರದು. ಬೆಳೆಯುವ ಮಗು ಎಂದು ದೊಡ್ಡದು ತರಬೇಡಿ.” ಕೊನೆಯ ವಾಕ್ಯ ಟೀಚರದಲ್ಲ, ನನ್ನದು.